ಇಪ್ಪತ್ತಕ್ಕೆ ಹನ್ನೊಂದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಕಾಲೇಜಿನವರೂ ಹೇಳುತ್ತಿದ್ದರು. ಸುಳ್ಳಲ್ಲ. ಚನ್ನಗಿರಿಯಲ್ಲಿ ಪಿಯುಸಿ ಮಕ್ಕಳಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಹೇಳಿಕೊಟ್ಟೆ. ಅಷ್ಟು ವರ್ಷದಲ್ಲಿ ಎಷ್ಟು ಮಕ್ಕಳನ್ನು ಬೈದಿದ್ದೇನೋ ನನಗೇ ನೆನಪಿಲ್ಲ. ಬೈಸಿಕೊಂಡವರು ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನಕ್ಕು ಮಾತಾಡಿಸುತ್ತಾರೆ, ಕೈಚೀಲ ಹಿಡಿದುಕೊಳ್ಳುತ್ತಾರೆ, ಸೀಟು ಬಿಟ್ಟುಕೊಡುತ್ತಾರೆ. ಹಾಗಾಗಿ ಬೈದದ್ದಕ್ಕೆ ನನಗೆ ಅಂಥ ಪಶ್ಚಾತ್ತಾಪವೇನೂ ಇಲ್ಲ. ಒಬ್ಬಳ ವಿಷಯ ಮಾತ್ರ ಬೇರೆ. ಅವಳಿಗೆ ನಾನು ಒಂದು ದಿನವೂ ಪಾಠ ಮಾಡಲಿಲ್ಲ. ಅವಳನ್ನು ನೋಡಿದ್ದೇ ಎರಡು ಸಲ.

ಮೊದಲನೇ ಸಲ ನೋಡಿದ್ದು ಒಂದು ಜೂನ್ ತಿಂಗಳಲ್ಲಿ, ದಾಖಲಾತಿ ಮೇಜಿನ ಮುಂದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಸ್ಟಾಫ್ ರೂಮಿನ ಉದ್ದ ಮೇಜನ್ನು ಎತ್ತಿಕೊಂಡು ಬಂದು ವರಾಂಡದಲ್ಲಿ ಹಾಕುತ್ತಿದ್ದರು. ಒಂದು ತುದಿಯಲ್ಲಿ ಗುಮಾಸ್ತರು ಟಿಸಿ, ಜಾತಿ ಪ್ರಮಾಣಪತ್ರ ನೋಡುವರು. ನಡುವೆ ನಾನು. ವಿಜ್ಞಾನ ವಿಭಾಗಕ್ಕೆ ಅರ್ಜಿ ಹಾಕಿದ ಪ್ರತಿ ಮಗುವಿನ ಅಂಕಪಟ್ಟಿ ನನ್ನ ಕೈ ದಾಟಿಯೇ ಹೋಗಬೇಕಿತ್ತು. ಮೊದಲ ಸೀಟುಗಳಿಗೆ ಒಟ್ಟು ಅಂಕದ ಪಟ್ಟಿ ಇರುತ್ತಿತ್ತು, ಅಲ್ಲಿ ಯಾರ ಮಾತೂ ನಡೆಯುತ್ತಿರಲಿಲ್ಲ. ಕೊನೆಯ ನಾಲ್ಕೈದು ಸೀಟಿನ ಹತ್ತಿರ ಬಂದಾಗ ಮಕ್ಕಳ ಅಂಕ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಆಗ ಪ್ರಿನ್ಸಿಪಾಲರು, "ಮೇಡಂ, ಇನ್ನುಳಿದಿದ್ದು ನೀವೇ ನೋಡ್ರಿ. ನಿಮ್ಮ ಕಣ್ಣಿಗೆ ಬಿದ್ರೆ ಮುಗೀತು" ಎಂದು ನನಗೆ ಬಿಟ್ಟುಬಿಡುವರು. ಅವರು ಹಾಗೆ ಎಲ್ಲರ ಎದುರಿಗೆ ಹೇಳುವುದು ನನಗೆ ಬಲು ಇಷ್ಟವಾಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಂಕಪಟ್ಟಿ ಓದುವುದೂ ಒಂದು ವಿದ್ಯೆ ಎಂದು ನಾನು ಹೊಸ ಉಪನ್ಯಾಸಕರಿಗೆ ಹೇಳುತ್ತಿದ್ದೆ. ನೂರು ಅಂಕದ ವಿಷಯದಲ್ಲಿ ಎಂಬತ್ತು ಅಂಕ ಪರೀಕ್ಷೆಗೆ. ಆ ಉತ್ತರಪತ್ರಿಕೆಯನ್ನು ಎಲ್ಲೋ ದೂರದ ಊರಿನಲ್ಲಿ, ಮಗುವಿನ ಮುಖ ಕಾಣದವರು ತಿದ್ದುತ್ತಾರೆ. ಉಳಿದ ಇಪ್ಪತ್ತು ಆಂತರಿಕ ಅಂಕ. ಅದನ್ನು ಮಗು ಓದಿದ ಶಾಲೆಯ ಮೇಷ್ಟ್ರೇ ವರ್ಷವಿಡೀ ಕಿರುಪರೀಕ್ಷೆ, ಚಟುವಟಿಕೆ, ನೋಟ್‌ಪುಸ್ತಕ ನೋಡಿ ಹಾಕಬೇಕು. ಹಾಕಬೇಕು ಎನ್ನುವುದು ಕಾಗದದ ಮಾತು. ಯಾವ ಶಾಲೆಯಲ್ಲಾದರೂ ಹಾಗೆ ನೋಡಿ ಹಾಕುತ್ತಾರೆಯೇ? ಎಲ್ಲರಿಗೂ ಇಪ್ಪತ್ತು. ತೀರಾ ಪುಂಡನಿಗೆ ಹತ್ತೊಂಬತ್ತು. ಒಮ್ಮೆ ಒಬ್ಬ ತಂದೆ ನಮ್ಮ ಮೇಜಿನ ಮುಂದೆ ನಿಂತು, ಹಿಂದಿ ಮೇಷ್ಟ್ರು ಮಗನಿಗೆ ಹದಿನೆಂಟು ಹಾಕಿ ಅವನ ಬಾಳು ಹಾಳು ಮಾಡಿದರು ಎಂದು ಅರ್ಧ ಗಂಟೆ ಕೂಗಾಡಿದ್ದರು. ನಾವೆಲ್ಲ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಗು ತಡೆದುಕೊಂಡಿದ್ದೆವು.

ಆ ಇಪ್ಪತ್ತನ್ನು ನಾನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಎಲ್ಲರಿಗೂ ಹಂಚಿದ ಮಂಡಕ್ಕಿ ಅದು, ಪರೀಕ್ಷೆಯ ಎಂಬತ್ತನ್ನು ಮಾತ್ರ ನೋಡಿ ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. ಆದರೆ ಜೊತೆಗೆ ಇನ್ನೊಂದು ಮಾತು ಸೇರಿಸುತ್ತಿದ್ದೆ. ಆಂತರಿಕ ಅಂಕ ಇಪ್ಪತ್ತು ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಕಡಿಮೆ ಇದ್ದರೆ ಮಾತ್ರ ನಿಲ್ಲಿಸಿ ಕೇಳಬೇಕು. ಎಲ್ಲರಿಗೂ ಬಿಟ್ಟಿ ಸಿಗುವುದು ಒಬ್ಬರಿಗೆ ಸಿಗಲಿಲ್ಲ ಎಂದರೆ ಅಲ್ಲಿ ಏನೋ ಇದೆ. ಈ ನನ್ನ ಜಾಣತನವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಪ್ಪಿದ್ದರು. ನಾನಂತೂ ಅದನ್ನು ಹತ್ತಾರು ಸಲ ಹೇಳಿದ್ದೆ.

ಆ ದಿನ ಮಧ್ಯಾಹ್ನ ಊಟದ ಹೊತ್ತು ದಾಟಿತ್ತು. ನನಗೆ ಹೊಟ್ಟೆ ಹಸಿದಿತ್ತು, ಹಸಿದರೆ ನನ್ನ ನಾಲಿಗೆ ಇನ್ನಷ್ಟು ಉದ್ದವಾಗುತ್ತದೆ. ವಿಜ್ಞಾನದಲ್ಲಿ ಉಳಿದಿದ್ದು ಒಂದೇ ಸೀಟು. ಮುಂದೆ ಇದ್ದದ್ದು ಎರಡು ಅರ್ಜಿ. ಒಂದು ಊರಿನ ಹುಡುಗನದು. ಇನ್ನೊಂದು ಈ ಹುಡುಗಿಯದು. ಅವಳು ಜಗಳೂರು ಕಡೆಯ ಒಂದು ಹಳ್ಳಿಯ ಹೈಸ್ಕೂಲಿನವಳು. ಜೊತೆಗೆ ಬಂದಿದ್ದು ಅವಳ ಸೋದರತ್ತೆ, ನಲ್ಲೂರಿನಲ್ಲಿ ಇರುವವಳು, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವಳು.

"ಜಗಳೂರಿಂದ ಇಲ್ಲೀತನಕ ಯಾಕಮ್ಮ? ಅಲ್ಲೇ ಕಾಲೇಜಿಲ್ವಾ?" ಎಂದೆ.

ಅತ್ತೆಯೇ ಉತ್ತರ ಕೊಟ್ಟಳು. "ಅಲ್ಲಿ ಇರಾಕೆ ಜಾಗ ಇಲ್ರಿ ಮೇಡಂನೋರೆ. ನಮ್ಮಣ್ಣ ವರ್ಷದಾಗೆ ಆರು ತಿಂಗಳು ಕುರಿ ಹಿಂದೆ. ಈಗ್ಲೂ ಸಾಸ್ವೆಹಳ್ಳಿ ತಾವ ಗದ್ದೇಲಿ ಕುರಿ ನಿಲ್ಸವ್ನೆ. ಅತ್ತಿಗೇನೂ ಅವನ ಜೊತೆ. ಈಕೆ ಒಬ್ಬಾಕೆ ಅಲ್ಲಿ ಹೆಂಗೆ ಇರ್ತಾಳೆ? ಸೈನ್ಸ್ ಸಿಕ್ರೆ ನಮ್ಮನ್ಯಾಗೆ ಇಟ್ಕಂಡು ಓದಿಸ್ತೀನಿ ಅಂತ ನಾನೇ ಕರ್ಕಂಡು ಬಂದೀನಿ. ನಲ್ಲೂರಿಂದ ದಿನಾ ಬಸ್ಸಿಗೆ ಬರ್ತಾಳೆ."

ಸೈನ್ಸ್ ಸಿಕ್ಕರೆ ಎನ್ನುವ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ಅದರ ಭಾರ ನನಗೆ ತಿಳಿಯಲಿಲ್ಲ. ಅಂಕಪಟ್ಟಿ ಎತ್ತಿಕೊಂಡೆ. ಒಟ್ಟು ಅಂಕದಲ್ಲಿ ಹುಡುಗನಿಗೂ ಇವಳಿಗೂ ಹೆಚ್ಚು ಅಂತರವಿರಲಿಲ್ಲ. ಗಣಿತದ ಸಾಲಿಗೆ ಬಂದೆ. ಹುಡುಗನಿಗೆ ಪರೀಕ್ಷೆಯಲ್ಲಿ ಅರವತ್ತೇಳು, ಆಂತರಿಕ ಇಪ್ಪತ್ತು. ಇವಳಿಗೆ ಪರೀಕ್ಷೆಯಲ್ಲಿ ಎಪ್ಪತ್ತೈದು, ಆಂತರಿಕ ಹನ್ನೊಂದು. ಹನ್ನೊಂದು! ಅಷ್ಟು ವರ್ಷದಲ್ಲಿ ಅಂಥ ಅಂಕ ನಾನು ನೋಡಿಯೇ ಇರಲಿಲ್ಲ. ಉಳಿದ ವಿಷಯಗಳಲ್ಲೆಲ್ಲ ಹತ್ತೊಂಬತ್ತು, ಇಪ್ಪತ್ತು ಇತ್ತು. ಗಣಿತಕ್ಕೆ ಮಾತ್ರ ಹನ್ನೊಂದು.

ನನ್ನ ತಲೆ ಓಡಿದ್ದು ಹೀಗೆ. ವರ್ಷವಿಡೀ ಎದುರಿಗೆ ಕೂರಿಸಿಕೊಂಡ ಮೇಷ್ಟ್ರು ಈ ಹುಡುಗಿಗೆ ಹನ್ನೊಂದರ ಬೆಲೆ ಕಟ್ಟಿದ್ದಾರೆ. ಹನ್ನೊಂದರ ಹುಡುಗಿ ಪರೀಕ್ಷೆಯಲ್ಲಿ ಎಪ್ಪತ್ತೈದು ತೆಗೆಯುವುದು ಹೇಗೆ? ಹಳ್ಳಿಯ ಪರೀಕ್ಷಾ ಕೇಂದ್ರ, ಪಕ್ಕದವನ ಹಾಳೆ, ಕಿಟಕಿಯಿಂದ ಬಂದ ಚೀಟಿ. ಒಂದು ಕ್ಷಣದಲ್ಲಿ ನಾನು ತೀರ್ಪು ಬರೆದುಬಿಟ್ಟಿದ್ದೆ. ಆದರೂ ಕೇಳಿದಂತೆ ಮಾಡೋಣ ಎಂದು ಕೆಂಪು ಪೆನ್ನಿನ ತುದಿಯನ್ನು ಆ ಹನ್ನೊಂದರ ಮೇಲೆ ಇಟ್ಟು, "ಇದೇನವ್ವಾ ಇದು?" ಎಂದೆ.

ಹುಡುಗಿ ಬಗ್ಗಿ ನೋಡಿದಳು. ನೋಡಿ ನಕ್ಕಳು. ಮುಖ ಅರಳಿಸಿಕೊಂಡು, "ಹನ್ನೊಂದು ಬಂದೈತ್ರೀ ಮೇಡಂ" ಎಂದಳು.

ಅಯ್ಯೋ, ನನಗೆ ರೇಗಿದ್ದು ನೋಡಬೇಕಿತ್ತು. ಹನ್ನೊಂದು ತೆಗೆದುಕೊಂಡು ಹಲ್ಲು ಕಿರಿಯುತ್ತಾಳಲ್ಲ, ಎಷ್ಟು ಉಡಾಫೆ ಎನಿಸಿತು. "ನಗ್ತೀಯಾ? ನಾಚಿಕೆ ಆಗಲ್ವಾ?" ಎಂದೆ. ವರಾಂಡದಲ್ಲಿ ಸಾಲು ನಿಂತವರೆಲ್ಲ ತಿರುಗಿ ನೋಡಿದರು. ಹುಡುಗಿಯ ಮುಖದ ನಗು ಹೋಗಲಿಲ್ಲ, ಎಲ್ಲಿಗೆ ಹೋಗಬೇಕೋ ಗೊತ್ತಾಗದೆ ಅಲ್ಲೇ ನಿಂತಿತು. ನಾನು ಮುಂದುವರಿಸಿದೆ. "ನೋಡು, ಪರೀಕ್ಷೆ ದಿನ ಎಪ್ಪತ್ತೈದು ಹೆಂಗೆ ಬಂತು ಅಂತ ನಾನು ಕೇಳಲ್ಲ. ಅದು ನಿನಗೆ ಗೊತ್ತು, ನಿನ್ನ ಪಕ್ಕ ಕೂತಿದ್ದೋರಿಗೆ ಗೊತ್ತು. ಆದ್ರೆ ನಿನಗೆ ಗಣಿತ ಬರಲ್ಲ. ನಿಮ್ಮ ಮೇಷ್ಟ್ರೇ ಬರೆದುಕೊಟ್ಟಿದಾರೆ. ಮೂವತ್ತು ವರ್ಷ ಮಕ್ಕಳನ್ನ ನೋಡಿದೀನಿ, ನನ್ನ ಕಣ್ಣು ತಪ್ಪಲ್ಲ. ಆರ್ಟ್ಸ್ ತಗೋ, ಸುಖವಾಗಿ ಪಾಸಾಗ್ತೀಯ."

ಅತ್ತೆ ಎರಡು ಕೈ ಮುಗಿದಳು. "ಹಂಗನ್ಬ್ಯಾಡ್ರಿ ಮೇಡಂನೋರೆ. ಭಾಳ ಚೆಂದ ಓದ್ತಾಳ್ರಿ. ಕುರಿ ಲೆಕ್ಕ ಎಲ್ಲಾ ಈಕೆದೇ."

"ಕುರಿ ಲೆಕ್ಕ ಬೇರೆ, ಇದು ಬೇರೆ" ಎಂದೆ. ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ 'ಕಲಾ' ಎಂದು ಬರೆದು ಗುಮಾಸ್ತರ ಕಡೆ ತಳ್ಳಿದೆ. ಸೀಟು ಊರಿನ ಹುಡುಗನಿಗೆ ಹೋಯಿತು. ಅವನ ತಪ್ಪೇನಿಲ್ಲ, ಅವನು ಒಳ್ಳೆಯ ಹುಡುಗನೇ. ಪಟ್ಟಿಯ ಪ್ರಕಾರವೂ ಅವನೇ ಒಂದೆರಡು ಅಂಕ ಮೇಲಿದ್ದ. ಯಾರಾದರೂ ಬಂದು ಕೇಳಿದ್ದರೆ ನನ್ನ ಬಳಿ ಉತ್ತರವಿತ್ತು. ಅತ್ತೆ, ಸೊಸೆ ಇಬ್ಬರೂ ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಂತಿದ್ದರು, ಆಮೇಲೆ ಕಾಣಲಿಲ್ಲ. ನಮ್ಮಲ್ಲಿ ಆರ್ಟ್ಸ್‌ಗೂ ಸೇರಲಿಲ್ಲ. ನಾನು ಒಳಗೆ ಹೋಗಿ ಡಬ್ಬಿ ಬಿಚ್ಚಿ ಊಟ ಮಾಡಿದೆ.

ಅದಾದ ಮೇಲೆ ಆ ಹುಡುಗಿ ನನ್ನ ನೆನಪಿನಲ್ಲೇ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಂದೆರಡು ಸಲ ಸ್ಟಾಫ್ ರೂಮಿನಲ್ಲಿ ತಮಾಷೆಗೆ ಹೇಳಿದ್ದೆ. ಹನ್ನೊಂದು ತಗೊಂಡು ಹೆಂಗೆ ನಕ್ಕಳು ಗೊತ್ತಾ ಎಂದು ಅವಳ ಹಾಗೆ ಮುಖ ಅರಳಿಸಿ ತೋರಿಸಿದ್ದೆ. ಎಲ್ಲರೂ ನಕ್ಕಿದ್ದರು. ಇದನ್ನು ಬರೆಯುವಾಗ ನನ್ನ ಕೈಯನ್ನೇ ಚಿವುಟಿಕೊಳ್ಳಬೇಕು ಎನಿಸುತ್ತದೆ.

ಮರುವರ್ಷ ಮಾರ್ಚಿನಲ್ಲಿ ದ್ವಿತೀಯ ಪಿಯು ಪರೀಕ್ಷೆಗೆ ನನ್ನನ್ನು ಜಗಳೂರಿಗೆ ಹಾಕಿದರು. ಆ ಬಿಸಿಲು, ಆ ಧೂಳು, ಸಾಲದ್ದಕ್ಕೆ ದಿನಾ ಬಸ್ಸಿನ ಪ್ರಯಾಣ. ಗೊಣಗಿಕೊಂಡೇ ಹೋದೆ. ಕೊಠಡಿ ಮೇಲ್ವಿಚಾರಣೆಗೆ ಸುತ್ತಲ ಹೈಸ್ಕೂಲುಗಳಿಂದ ಮೇಷ್ಟ್ರುಗಳನ್ನು ಕರೆಸಿದ್ದರು. ಅವರಲ್ಲಿ ಒಬ್ಬರು ಗಣಿತದವರು, ಐವತ್ತರ ಆಸುಪಾಸಿನವರು. ಅಂಗಿಯ ಜೇಬಿನಲ್ಲಿ ಮೂರು ಪೆನ್ನು, ಮೆತ್ತನೆಯ ಮಾತು. ಒಂದೇ ವಿಷಯದವರು ಎಂದು ಇಬ್ಬರಿಗೂ ಮಾತು ಬೆಳೆಯಿತು. ಮೂರನೆಯ ದಿನ ಪರೀಕ್ಷೆ ಮುಗಿದು ಉತ್ತರಪತ್ರಿಕೆ ಕಟ್ಟುಗಳಿಗೆ ಅರಗು ಹಾಕಿದ ಮೇಲೆ ಚಹಾ ಬಂತು. ಅವರು ಕೇಳಿದರು.

"ಮೇಡಂ, ನೀವು ಚನ್ನಗಿರಿಯೋರಲ್ವ್ರಾ? ನಮ್ಮ ಶಾಲೆ ಹುಡುಗಿ ಒಬ್ಬಾಕೆ ಹೋದ ವರ್ಷ ಅಲ್ಲಿ ಸೈನ್ಸಿಗೆ ಅಂತ ಬಂದಿದ್ಲು. ಅವರತ್ತೆ ಮನೆ ನಲ್ಲೂರಾಗೆ ಐತೆ. ಸೀಟು ಕೊಡ್ಲಿಲ್ವಂತೆ."

ನನಗೆ ತಕ್ಷಣ ಹೊಳೆಯಲಿಲ್ಲ. "ಅಂಕ ಕಡಿಮೆ ಇದ್ದಿರಬೇಕು" ಎಂದೆ.

"ಎಲ್ಲಿ ಕಮ್ಮಿ ಮೇಡಂ? ಎಂಬತ್ತಕ್ಕೆ ಎಪ್ಪತ್ತೈದು ತೆಗೆದಿದ್ಲು. ನನ್ನ ಸರ್ವಿಸ್‌ನಾಗೆ ಅಂಥಾ ಹುಡುಗಿ ನೋಡಿಲ್ಲ. ನಾನು ಬೋರ್ಡ್ ಮೇಲೆ ಲೆಕ್ಕ ಬರೆದು ತಿರುಗೋದ್ರಾಗೆ ಆಕೆ ಉತ್ತರ ಹೇಳಿರ್ತಿದ್ಲು. ಆಂತರಿಕ ಅಂಕಾನೂ ಇಡೀ ಶಾಲೆಗೆ ಆಕೆದೇ ಹೆಚ್ಚು. ಹನ್ನೊಂದು ಕೊಟ್ಟಿದ್ದೆ."

ಕೈಯಲ್ಲಿದ್ದ ಲೋಟವನ್ನು ನಾನು ಮೇಜಿನ ಮೇಲಿಟ್ಟೆ. "ಹನ್ನೊಂದು ಹೆಚ್ಚಾ?" ಎಂದೆ.

ಅವರು ಸಂಕೋಚದಿಂದ ನಕ್ಕರು. ತಾನು ಸ್ವಲ್ಪ ಕಟ್ಟುನಿಟ್ಟಿನ ಮನುಷ್ಯ ಎಂದರು. ಎಲ್ಲರೂ ಇಪ್ಪತ್ತು ಹಂಚುತ್ತಾರೆ, ತನಗೆ ಮನಸ್ಸು ಒಪ್ಪುವುದಿಲ್ಲ ಎಂದರು. ಮಕ್ಕಳಿಗೆ ಅವರು ಕೊಡುತ್ತಿದ್ದ ಕಿರುಪರೀಕ್ಷೆಗಳು ಪಠ್ಯಪುಸ್ತಕದ ಲೆಕ್ಕಗಳಲ್ಲ, ತಾವೇ ರಾತ್ರಿ ಕೂತು ಕಟ್ಟಿದ ಗಟ್ಟಿ ಲೆಕ್ಕಗಳು. ಹೆಚ್ಚಿನವರಿಗೆ ಏಳು, ಎಂಟು ಬರುತ್ತಿತ್ತು. ಹತ್ತು ದಾಟಿದವರನ್ನು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮುಂದೆ ಕರೆದು ಕೈಗೆ ಒಂದು ಪೆನ್ನು ಕೊಡುತ್ತಿದ್ದರು. ಎಷ್ಟೋ ವರ್ಷ ಆ ಪೆನ್ನು ಯಾರಿಗೂ ಕೊಡಲಾಗಿರಲಿಲ್ಲವಂತೆ. ಹನ್ನೊಂದು ತೆಗೆದವಳು ಅವಳೊಬ್ಬಳೇ. ಅವತ್ತು ಇಡೀ ಶಾಲೆ ಚಪ್ಪಾಳೆ ತಟ್ಟಿತ್ತಂತೆ.

ನಾನು ಎಲ್ಲಿ ನೋಡಬೇಕೋ ತಿಳಿಯದೆ ಅರಗಿನ ಕಡ್ಡಿಯನ್ನೇ ನೋಡುತ್ತಾ ಕೂತೆ. ಅವಳು ನಕ್ಕದ್ದು ಅದಕ್ಕೆ. ಜಗಳೂರಿನ ಹಳ್ಳಿಯಿಂದ ಬಂದವಳನ್ನು, ಊರಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಆ ಹನ್ನೊಂದರ ಮೇಲೇ ಚನ್ನಗಿರಿಯ ಮೇಡಂ ಪೆನ್ನು ಇಟ್ಟು ಕೇಳಿದ್ದಾರೆ. ಗುರುತು ಹಿಡಿದರಲ್ಲ ಎಂದು ಸಂತೋಷಪಟ್ಟಿದ್ದಾಳೆ. ಅದಕ್ಕೆ ನಾನು ನಾಚಿಕೆ ಆಗಲ್ವಾ ಎಂದು ಕೇಳಿದ್ದೆ.

"ಅದನ್ನ ನೋಡಿದ್ದು ಯಾರಂತೆ?" ಎಂದು ಕೇಳಿದೆ. ಯಾಕೆ ಕೇಳಿದೆನೋ. ಹೊಡೆತ ಬೀಳಲಿ ಎಂದಿರಬೇಕು.

"ಯಾರೋ ಮೇಡಂ ಅಂತೆ. ಹೆಸರು ಗೊತ್ತಿಲ್ರಿ. ಕಾಪಿ ಮಾಡಿದೀಯ ಅನ್ನಂಗೆ ಮಾತಾಡಿದ್ರಂತೆ." ಅವರು ನನ್ನ ಮುಖ ನೋಡಲಿಲ್ಲ, ಚಹಾ ಆರಿಸುತ್ತಿದ್ದರು. "ತಪ್ಪು ಅವರದೇನಲ್ಲ ಬಿಡ್ರಿ. ನಂದೇ. ಊರೆಲ್ಲಾ ಇಪ್ಪತ್ತು ಹಾಕೋವಾಗ ನಾನೊಬ್ಬ ಹನ್ನೊಂದು ಹಾಕಿದ್ರೆ ನೋಡಿದೋರು ಏನಂದ್ಕಂತಾರೆ? ಆ ಹುಡುಗಿಗೆ ಸೀಟು ತಪ್ಪಿಸಿದ್ದು ನಾನೇ. ಈ ವರ್ಷದ್ದು ಮೊನ್ನೆ ಕಳಿಸಿದೆ ಮೇಡಂ. ಎಲ್ಲರಿಗೂ ಇಪ್ಪತ್ತು ಹಾಕಿದೀನಿ. ಹಾಜರಾತಿ ಇಲ್ದೋರಿಗೂ ಇಪ್ಪತ್ತು. ಪೆನ್ನು ಕೊಡೋದೂ ನಿಲ್ಲಿಸಿಬಿಟ್ಟೆ."

ಆಗ ಬಾಯಿಬಿಡಬೇಕಿತ್ತು. ಆ ಮೇಡಂ ನಾನೇ, ತಪ್ಪು ನಿಮ್ಮದಲ್ಲ ಎಂದು ಒಂದು ಮಾತು ಹೇಳಿದ್ದರೆ ಆ ಮನುಷ್ಯನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಜಗತ್ತಿನ ಮೇಲೆಲ್ಲ ಹರಿಹಾಯುವ ನನ್ನ ನಾಲಿಗೆ ಅವತ್ತು ಅಂಗುಳಕ್ಕೆ ಅಂಟಿಕೊಂಡಿತು. ಹುಡುಗಿ ಈಗೆಲ್ಲಿದ್ದಾಳೆ ಎಂದಷ್ಟೇ ಕೇಳಿದೆ. ನ್ಯಾಮತಿಯಲ್ಲಿ ಹಾಸ್ಟೆಲ್ ಸಿಕ್ಕಿತು, ಅಲ್ಲೇ ಆರ್ಟ್ಸ್ ಓದುತ್ತಿದ್ದಾಳೆ ಎಂದರು. ಉಳಿದ ಪರೀಕ್ಷೆಯ ದಿನಗಳಲ್ಲಿ ನಾನು ಅವರಿಂದ ತಪ್ಪಿಸಿಕೊಂಡೇ ಓಡಾಡಿದೆ.

ಮಾರ್ಚಿನಲ್ಲಿ ತಿಳಿದ ವಿಷಯಕ್ಕೆ ಜೂನಿನ ತನಕ ಏನೂ ಮಾಡಲಿಲ್ಲ. ಮೌಲ್ಯಮಾಪನದ ಕೆಲಸ ಇತ್ತು, ಮಂಡಿನೋವು ಇತ್ತು, ಮದುವೆಗಳಿದ್ದವು. ಇವೆಲ್ಲ ನೆಪ. ಒಬ್ಬ ಹುಡುಗಿಯ ಎದುರು ಹೋಗಿ ತಪ್ಪಾಯ್ತು ಎನ್ನಲು ನನಗೆ ಮೈಯೆಲ್ಲ ಮುಳ್ಳಾಗುತ್ತಿತ್ತು. ಆದರೆ ದಾಖಲಾತಿ ಮೇಜು ಮತ್ತೆ ವರಾಂಡಕ್ಕೆ ಬಂದ ದಿನ ಅದರ ನಡುವಿನ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಒಂದು ಸೀಟು ಬೇಕು ಎಂದೆ. ಅವರು, "ಒಂದು ವರ್ಷ ಹಿಂದಕ್ಕೆ ಬರಬೇಕಾಗುತ್ತೆ ಮೇಡಂ, ಆಕೆ ಒಪ್ತಾಳಾ?" ಎಂದರು. ಒಪ್ಪಿಸುತ್ತೇನೆ ಎಂದೆ. ಆ ಮಾತಿನಲ್ಲೂ ನನ್ನ ಕೊಬ್ಬು ಇತ್ತು.

ಮಾರನೆಯ ದಿನವೇ ರಜೆ ಹಾಕಿ ಹೊರಟೆ. ಸಾಸ್ವೆಹಳ್ಳಿಯ ಮೇಲೆ ಹೋಗುವ ಬಸ್ಸು ಹಿಡಿದು, ಹೊನ್ನಾಳಿಯಲ್ಲಿ ಇಳಿದು, ನ್ಯಾಮತಿಯ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಕೊಂಡೆ. ಅವಳು ಅತ್ತರೆ ಏನು ಮಾಡಬೇಕು, ಬೈದರೆ ಏನು ಮಾಡಬೇಕು ಎಂದೆಲ್ಲ ಯೋಚಿಸಿದ್ದೆ. ಬೈದರೆ ಒಳ್ಳೆಯದು ಎಂದೇ ಆಸೆಪಟ್ಟಿದ್ದೆ.

ಅವಳ ಕಾಲೇಜಿನ ಸ್ಟಾಫ್ ರೂಮಿಗೆ ಅವಳನ್ನು ಕರೆಸಿದರು. ಎತ್ತರ ಬೆಳೆದಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, ಗಾಬರಿಯಾಗಿ ಎದೆಗೆ ಪುಸ್ತಕ ಒತ್ತಿಕೊಂಡು ನಿಂತಳು. ಹಳೇ ತಪ್ಪು ಹುಡುಕಿಕೊಂಡು ಇಲ್ಲೀತನಕ ಬಂದರು ಎಂದುಕೊಂಡಳೋ ಏನೋ. ಹೊರಗೆ ಕಾರಿಡಾರಿನ ಬೆಂಚಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ನಿಮ್ಮ ಗಣಿತದ ಮೇಷ್ಟ್ರು ಸಿಕ್ಕಿದ್ರು. ಹನ್ನೊಂದು ಅಂದ್ರೆ ಏನು ಅಂತ ಹೇಳಿದ್ರು. ನನಗೆ ಗೊತ್ತಿರಲಿಲ್ಲ ಕಣಮ್ಮ. ಕೇಳಲೂ ಇಲ್ಲ. ಅವತ್ತು ನಿನ್ನ ಬಗ್ಗೆ ಅಂದದ್ದೆಲ್ಲ ತಪ್ಪು. ನನ್ನದು ದೊಡ್ಡ ತಪ್ಪು" ಎಂದೆ.

"ಅಯ್ಯೋ, ಬಿಡ್ರಿ ಮೇಡಂ, ಪರವಾಗಿಲ್ಲ" ಎಂದಳು. ಇಷ್ಟು ಸಲೀಸಾಗಿ ಹೇಳಿದ್ದು ನನಗೆ ಸರಿಬರಲಿಲ್ಲ.

"ಈಗ ಸೀಟು ಇದೆ. ಸೈನ್ಸಿಗೆ ಬಾ. ಒಂದು ವರ್ಷ ಹೋಗುತ್ತೆ, ಹೋಗಲಿ. ನಾನೇ ಪಾಠ ಮಾಡ್ತೀನಿ. ನಿಮ್ಮತ್ತೆ ಹತ್ರ ನಾನೇ ಮಾತಾಡ್ತೀನಿ."

ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡ ಮೇಡಂ."

"ಯಾಕೆ? ಒಂದು ವರ್ಷದ ಚಿಂತೆನಾ?"

"ಅದಲ್ಲ ಮೇಡಂ. ನಂಗೆ ಗಣಿತ ಬರಲ್ಲ."

"ಯಾರೇ ಹೇಳಿದ್ದು ಬರಲ್ಲ ಅಂತ!" ನನ್ನ ದನಿ ಏರಿತು. ದೂರದಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗಿಯರು ನಿಂತು ನೋಡಿದರು.

ಅವಳು ನನ್ನ ಮುಖವನ್ನೇ ನೋಡಿದಳು. ಕುಹಕವಾಗಲಿ, ಸಿಟ್ಟಾಗಲಿ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. "ನೀವೇ ಹೇಳಿದ್ರಲ್ಲ ಮೇಡಂ" ಎಂದಳು. "ಮೊದ್ಲು ಬ್ಯಾಸರ ಆತು. ಆಮೇಲೆ ಯೋಚ್ನೆ ಮಾಡಿದೆ. ನಮ್ಮೂರ ಶಾಲ್ಯಾಗೆ ಇದ್ದಿದ್ದೇ ಸ್ವಲ್ಪ ಮಕ್ಕಳು. ಅವರಾಗೆ ನಾನು ಜಾಣೆ ಅನ್ನಿಸ್ಕಂಡಿದ್ದೆ. ಪರೀಕ್ಷೇಲಿ ಏನೋ ಅದೃಷ್ಟಕ್ಕೆ ಬಂದ್ಬಿಟ್ಟಿತ್ತು. ಸಾರಿಗೆ ನನ್ ಮೇಲೆ ಪ್ರೀತಿ. ನೀವು ಎಷ್ಟೊಂದು ಮಕ್ಕಳನ್ನ ನೋಡೀರಿ, ನಿಮಗೆ ಗೊತ್ತಾಗಲ್ವಾ?"

ಕಾಪಿ ಮಾಡಿದೆ ಎಂದದ್ದಕ್ಕೆ ಅವಳು ನೊಂದಿರಬಹುದು, ಸೀಟು ಹೋದದ್ದಕ್ಕೆ ನನ್ನನ್ನು ಶಪಿಸಿರಬಹುದು ಎಂದೆಲ್ಲ ಅಂದುಕೊಂಡಿದ್ದೆ. ಅವಳು ನನ್ನನ್ನು ನಂಬಿರಬಹುದು ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಒಂದು ವರ್ಷ ಪೂರ್ತಿ ಆ ಮಾತನ್ನು ಇಟ್ಟುಕೊಂಡು, ತನ್ನ ಹಿಂದಿನದನ್ನೆಲ್ಲ ಒಂದೊಂದಾಗಿ ತಿದ್ದಿಕೊಂಡಿದ್ದಳು. ಮೇಷ್ಟ್ರು ಕೊಟ್ಟ ಪೆನ್ನನ್ನು ಪ್ರೀತಿ ಎಂದು, ಎಪ್ಪತ್ತೈದನ್ನು ಅದೃಷ್ಟ ಎಂದು.

ವಾದ ಮಾಡಿ ಪ್ರಯೋಜನವಿಲ್ಲ ಎನಿಸಿತು. "ಒಂದು ಲೆಕ್ಕ ಹೇಳ್ತೀನಿ, ಕೇಳು" ಎಂದೆ. ಈ ಕೆಲಸವನ್ನು ಆ ದಿನ ಮೇಜಿನ ಮುಂದೆಯೇ ಮಾಡಬಹುದಿತ್ತು, ಎರಡು ನಿಮಿಷ ಸಾಕಿತ್ತು. "ಒಂದು ಸಂಖ್ಯೆ. ಅದಕ್ಕೆ ಅದರ ವರ್ಗ ಕೂಡಿದ್ರೆ ನೂರೈವತ್ತಾರು ಬರುತ್ತೆ. ಆ ಸಂಖ್ಯೆ ಯಾವುದು?"

ಬ್ಯಾಗಿನಿಂದ ಪೆನ್ನು, ಹಾಳೆ ತೆಗೆಯಲು ನಾನು ಕೈ ಹಾಕಿದ್ದೆ. ಅದು ಹೊರಗೆ ಬರುವುದಕ್ಕೆ ಮುಂಚೆಯೇ ಅವಳು, "ಹನ್ನೆರಡು" ಎಂದಳು. ಒಂದು ಗಳಿಗೆ ಬಿಟ್ಟು, "ಇಲ್ಲಾಂದ್ರೆ ಮೈನಸ್ ಹದಿಮೂರು" ಎಂದಳು.

ಆ ಎರಡನೆಯ ಉತ್ತರ ನಮ್ಮ ಸೈನ್ಸಿನ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಜನ ಬಿಟ್ಟುಬಿಡುತ್ತಾರೆ. ಹಾಳೆ ಪೆನ್ನು ಕೊಟ್ಟರೂ ಬಿಡುತ್ತಾರೆ. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಕೊಳ್ಳಲಿಲ್ಲ. "ನೋಡು! ನೋಡೇ ನೀನು! ಎರಡೂ ಹೇಳಿದೆ!" ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿದೆ.

ಅವಳು ಮುದುಡಿಕೊಂಡಳು. "ಸುಮ್ನೆ ಬಾಯಿಗೆ ಬಂದಿದ್ದು ಅಂದೆ ಮೇಡಂ" ಎಂದಳು. "ತಪ್ಪಿರ್ಬೇಕು."

"ಸರಿ ಇದೆ ಕಣೇ."

"ಇಲ್ಲ ಮೇಡಂ, ತಪ್ಪಿರ್ಬೇಕು. ನಂಗೆ ಬ್ಯಾಸರ ಆಗಬಾರ್ದು ಅಂತ ನೀವು ಹಂಗೆ ಹೇಳ್ತೀರಿ."

ಹಾಳೆಯ ಮೇಲೆ ಬರೆದು ತೋರಿಸಿದೆ. ಹನ್ನೆರಡರ ವರ್ಗ ನೂರನಲವತ್ತನಾಲ್ಕು, ಅದಕ್ಕೆ ಹನ್ನೆರಡು. ಹದಿಮೂರರ ವರ್ಗ ನೂರರವತ್ತೊಂಬತ್ತು, ಅದರಲ್ಲಿ ಹದಿಮೂರು ಕಳೆ. ಅವಳು ನೋಡಿದಳು. ಹೌದು ಮೇಡಂ, ಹೌದು ಮೇಡಂ ಎಂದು ಪ್ರತಿ ಸಾಲಿಗೂ ತಲೆಯಾಡಿಸಿದಳು, ಮನೆಗೆ ಬಂದ ದೊಡ್ಡವರ ಮಾತಿಗೆ ಮಕ್ಕಳು ತಲೆಯಾಡಿಸುತ್ತಾರಲ್ಲ, ಹಾಗೆ. ನಾನು ಬರೆಯುವುದು ಮುಗಿಸಿದಾಗ ಗಂಟೆ ಹೊಡೆಯಿತು. ತನಗೆ ಕ್ಲಾಸಿದೆ, ಹೋಗಲಾ ಎಂದು ಕೇಳಿದಳು.